ಒದ್ದೆ ಬಟ್ಟೆಯ ಅಪವಾದ

ಆಯುಧಪೂಜೆ ಹತ್ತಿರ ಬಂತೆಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಹಬ್ಬದ ಮೇಲೆ ಕೋಪವಿಲ್ಲ. ಕಡಲೆಪುರಿ, ಬೂಂದಿ ಕೊಟ್ಟರೆ ಇವತ್ತಿಗೂ ಎರಡನೇ ಸಲ ಕೈಚಾಚುವವಳು ನಾನು. ಕೋಪವಿರುವುದು ನಮ್ಮ ಮ್ಯಾನೇಜರ್ ಸಾಹೇಬರ ಮೇಲೆ. ಅವರು ಈಗ ಎಲ್ಲಿದ್ದಾರೋ ಗೊತ್ತಿಲ್ಲ, ಚೆನ್ನಾಗಿಯೇ ಇರುತ್ತಾರೆ ಬಿಡಿ, ಅಂಥವರು ಎಲ್ಲಿದ್ದರೂ ಚೆನ್ನಾಗಿಯೇ ಇರುತ್ತಾರೆ.

ಪೀಣ್ಯದಲ್ಲಿ ಮೆಟ್ರೋ ಕಂಬಗಳು ಇನ್ನೂ ಮೇಲೇಳುತ್ತಿದ್ದ ಕಾಲ. ರಸ್ತೆಯ ತುಂಬ ಕೆಂಪು ಧೂಳು, ಬಸ್ಸಿಳಿದು ಫ್ಯಾಕ್ಟರಿ ಸೇರುವಷ್ಟರಲ್ಲಿ ತಲೆಗೂದಲು ತೆಂಗಿನ ನಾರಾಗುತ್ತಿತ್ತು. ನಮ್ಮದು ವಾಲ್ವಿನ ಬಿಡಿಭಾಗಗಳನ್ನು ಮಾಡುವ ಸಣ್ಣ ಫ್ಯಾಕ್ಟರಿ. ಅಲ್ಲಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಕೆಲಸ ನನ್ನದು. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಎಲ್ಲರಿಗೂ ನಾನು 'ಕಂಪ್ಯೂಟರ್ ಮೇಡಂ'. ಗಾಜಿನ ಬಾಗಿಲಿನ ಪುಟ್ಟ ಕೋಣೆಯಲ್ಲಿ ಒಂದು ಲಿನಕ್ಸ್ ಸರ್ವರ್ ಇತ್ತು. ಯಾವ ಭಾಗವನ್ನು ಹೇಗೆ ಕೊರೆಯಬೇಕೆಂದು ಮೆಷಿನ್ನಿಗೆ ಹೇಳುವ ಪ್ರೋಗ್ರಾಮುಗಳೆಲ್ಲ ಅದರೊಳಗೆ. ಆಪರೇಟರ್ ಬೆಳಿಗ್ಗೆ ಬಂದು ತನ್ನ ಕಂಪ್ಯೂಟರಿನಲ್ಲಿ ಒಂದು ಪುಟ ತೆರೆದು, ಅವತ್ತಿನ ಪ್ರೋಗ್ರಾಂ ಇಳಿಸಿಕೊಂಡು ಮೆಷಿನ್ನಿಗೆ ಹಾಕಬೇಕು. ಆ ಪುಟ ತೆರೆಯಲಿಲ್ಲವೋ, ಅಷ್ಟು ದೊಡ್ಡ ಮೆಷಿನ್ನು ಬರಿಯ ಕಬ್ಬಿಣ.

ಆ ಕೋಣೆಯನ್ನು ಗುಡಿಸಿ ಒರೆಸುತ್ತಿದ್ದವರು ಕೊಪ್ಪಳದ ಕಡೆಯ ಒಬ್ಬ ಅಕ್ಕ. ಗಂಡ ಕಟ್ಟಡದ ಕೆಲಸ, ಇಬ್ಬರೂ ಹತ್ತಿರದಲ್ಲೇ ಒಂದು ಶೀಟಿನ ರೂಮಿನಲ್ಲಿದ್ದರು. ಏಜೆನ್ಸಿಯ ಮೂಲಕ ಬಂದವರು, ಹಾಗಾಗಿ ನಮ್ಮ ಫ್ಯಾಕ್ಟರಿಯ ಲೆಕ್ಕಕ್ಕೆ ಅವರು ನಮ್ಮವರಲ್ಲ. ಆದರೆ ಆಯುಧಪೂಜೆಗೆ ಮುಂಚಿನ ದಿನ ಎಲ್ಲರೂ ಅವರವರ ಮೆಷಿನ್ ತೊಳೆದು ಒರೆಸುವಾಗ, ಸರ್ವರ್ ಒರೆಸುವ ಪಾಳಿ ಪ್ರತಿ ವರ್ಷ ಅಕ್ಕನದೇ. ಬಟ್ಟೆಯನ್ನು ಹನಿ ಬೀಳದ ಹಾಗೆ ಹಿಂಡಿ, ನನಗೊಮ್ಮೆ ತೋರಿಸಿ, "ಸಾಕೇನ್ರಿ ಮೇಡಮ್ಮಾರ?" ಎಂದು ಕೇಳಿಯೇ ಒಳಗೆ ಹೋಗುತ್ತಿದ್ದರು. ಹೊರಮೈ ಮಾತ್ರ ಒರೆಸಿ, ಅರಿಶಿನ ಕುಂಕುಮದ ಬೊಟ್ಟನ್ನು ಗಾಳಿಕಿಂಡಿ ಬಿಟ್ಟು ಪಕ್ಕಕ್ಕೆ ಇಡುತ್ತಿದ್ದರು. ನಮ್ಮ ಮನೆಯ ದೇವರಪಟಕ್ಕೂ ಅಷ್ಟು ಹುಷಾರಾಗಿ ನಾನು ಬೊಟ್ಟಿಟ್ಟವಳಲ್ಲ.

ಆ ವರ್ಷ ನಾನು ಹಬ್ಬಕ್ಕೆಂದು ಒಂದು ದಿನ ಮುಂಚೆಯೇ ಊರಿಗೆ ಹೋದೆ. ವಿಜಯದಶಮಿ ಕಳೆದು, ಇನ್ನೂ ಒಂದು ದಿನ ರಜೆ ಸೇರಿಸಿಕೊಂಡು ವಾಪಸ್ ಬಂದರೆ ಫ್ಯಾಕ್ಟರಿಯಲ್ಲಿ ಸದ್ದೇ ಇಲ್ಲ. ಗೇಟಿನಲ್ಲಿ ಒಡೆದ ಬೂದುಗುಂಬಳ ಹಾಗೇ ಬಿದ್ದಿದೆ, ಬಾಳೆಕಂದು ಬಾಡಿದೆ. ಆಪರೇಟರುಗಳೆಲ್ಲ ಟೀ ಲೋಟ ಹಿಡಿದು ನಿಂತಿದ್ದಾರೆ. ಹಿಂದಿನ ದಿನ ಬೆಳಿಗ್ಗೆಯಿಂದಲೂ ಪುಟ ತೆರೆಯುತ್ತಿಲ್ಲವಂತೆ; ತೆರೆದರೆ 'ಅನುಮತಿ ಇಲ್ಲ' ಎಂಬ ಒಂದೇ ಸಾಲು.

"ಫೋನ್ ಮಾಡೋದಲ್ವೇನ್ರಪ್ಪಾ?" ಎಂದೆ.

"ಸಾರು ಬೇಡ ಅಂದ್ರು ಮೇಡಂ. ಕಾರಣ ಗೊತ್ತಾಗಿದೆ ಅಂದ್ರು," ಎಂದ ಹಿರಿಯ ಆಪರೇಟರ್. ಆಮೇಲೆ ದನಿ ತಗ್ಗಿಸಿ, "ಅಕ್ಕನ್ನ ಕಳಿಸ್ಬಿಟ್ರು," ಎಂದ.

ನಡೆದದ್ದು ಇಷ್ಟು. ಪುಟ ತೆರೆಯಲಿಲ್ಲ. ಮ್ಯಾನೇಜರ್ ಸರ್ವರ್ ಕೋಣೆಗೆ ಹೋದರು. ಮೂಲೆಯ ಬಕೆಟ್ಟಿನ ಅಂಚಿನಲ್ಲಿ ಅಕ್ಕ ಒರೆಸಿದ ಬಟ್ಟೆ ನೇತಾಡುತ್ತಿತ್ತು. ಅಷ್ಟೇ, ತನಿಖೆ ಮುಗಿಯಿತು! ಅಕ್ಕನನ್ನು ಮೆಷಿನ್‌ಗಳ ನಡುವೆ, ಎಲ್ಲರೆದುರು ನಿಲ್ಲಿಸಿ, "ನೀರ್ ಹಾಕಿ ಸರ್ವರ್ ತೊಳ್ದಿದೀಯಲ್ಲ, ಬುದ್ಧಿ ಇದ್ಯಾ ನಿಂಗೆ? ಪಾತ್ರೆ ಅಂದ್ಕೊಂಡ್ಯಾ?" ಎಂದು ಕೂಗಾಡಿದ್ದಾರೆ. ಅಕ್ಕ "ಬಟ್ಟಿ ಹಿಂಡೀನ್ರಿ ಸಾಹೇಬ್ರ" ಎಂದದ್ದನ್ನು ಯಾರು ಕೇಳಬೇಕು? ಅಲ್ಲೇ ನಿಂತು ಏಜೆನ್ಸಿಗೆ ಫೋನು: ಬೇರೆಯವರನ್ನು ಕಳಿಸಿ.

ನನಗೆ ತಲೆಗೇರಿತು. ನೀರು ಬಿದ್ದ ಸರ್ವರ್ ಸತ್ತು ಮಲಗುತ್ತದೆಯೇ ಹೊರತು 'ಅನುಮತಿ ಇಲ್ಲ' ಎಂದು ಶಿಸ್ತಾಗಿ ಉತ್ತರ ಕೊಡುತ್ತದೆಯೇ? ಉತ್ತರ ಬರುತ್ತಿದೆ ಎಂದರೆ ಅದು ಬದುಕಿದೆ ಎಂದರ್ಥ. ಇಷ್ಟನ್ನು ಯೋಚಿಸಲು ಇಂಜಿನಿಯರಿಂಗ್ ಓದಬೇಕಿರಲಿಲ್ಲ. ಆದರೆ ಸಾಹೇಬರು ಅದನ್ನೂ ಓದಿದ್ದರು.

ಬ್ಯಾಗು ಕೂಡ ಇಳಿಸದೆ ಸರ್ವರ್ ಮುಂದೆ ಕುಳಿತೆ. ಫೈಲುಗಳೆಲ್ಲ ಇದ್ದವು, ಯಾರು ಓದಬಹುದೆಂಬ ಮಾಮೂಲಿ ಅನುಮತಿಗಳೂ ಸರಿಯಾಗಿದ್ದವು. ಆದರೆ ಆ ಲಿನಕ್ಸ್‌ನಲ್ಲಿ ಅದರ ಮೇಲೆ ಇನ್ನೊಂದು ಕಾವಲಿದೆ. ಪ್ರತಿ ಫೈಲಿಗೂ ಒಂದು ಲೇಬಲ್. ಇದು ಪುಟ ತೋರಿಸುವ ಕೆಲಸದ್ದು, ಇದು ಯಾರದೋ ಖಾಸಗಿ ಫೋಲ್ಡರಿನದು, ಹೀಗೆ. ಪುಟ ತೋರಿಸುವ ಪ್ರೋಗ್ರಾಂ ತನ್ನ ಲೇಬಲ್ಲಿನ ಫೈಲನ್ನಷ್ಟೇ ಮುಟ್ಟಬಹುದು. ಲೇಬಲ್ಲುಗಳನ್ನು ತೆರೆದು ನೋಡಿದರೆ ಒಂದೊಂದರ ಮೇಲೂ ಖಾಸಗಿ ಫೋಲ್ಡರಿನ ಗುರುತು. ಯಾರ ಫೋಲ್ಡರು ಎಂದು ಹುಡುಕಲು ದೂರ ಹೋಗಬೇಕಾಗಲಿಲ್ಲ. ಸರ್ವರ್ ತನ್ನೊಳಗೆ ಯಾರು ಬಂದರು, ಏನು ಮಾಡಿದರು ಎಂದು ತಾನೇ ಬರೆದಿಟ್ಟುಕೊಳ್ಳುತ್ತದೆ. ಪೂಜೆಯ ಹಿಂದಿನ ದಿನ ಒಳಗೆ ಬಂದವರು ಒಬ್ಬರೇ, ನಮ್ಮ ಸಾಹೇಬರು.

ಅವರಿಗೂ ಹಬ್ಬದ ಸಡಗರ! ಉಳಿದವರು ಮೆಷಿನ್ ಒರೆಸುತ್ತಾರೆ, ನಾನು ಫೋಲ್ಡರ್ ಒರೆಸುತ್ತೇನೆ ಎಂದು ಹೊರಟಿದ್ದಾರೆ. ಪ್ರೋಗ್ರಾಮುಗಳನ್ನೆಲ್ಲ ತಮ್ಮ ಫೋಲ್ಡರಿಗೆ ಕಾಪಿ ಮಾಡಿಕೊಂಡು, ಹಳೆಯವನ್ನು ಅಳಿಸಿ, ಹೆಸರುಗಳನ್ನು ನೀಟು ಮಾಡಿ, ಮತ್ತೆ ಮೊದಲಿನ ಜಾಗಕ್ಕೆ ತಳ್ಳಿದ್ದಾರೆ. ಕಾಪಿ ಮಾಡಿದರೆ ಫೈಲಿಗೆ ಹೋದ ಜಾಗದ ಲೇಬಲ್ ಬೀಳುತ್ತದೆ, ಕಾಪಿ ಮಾಡದೆ ಹಾಗೇ ತಳ್ಳಿದರೆ ಬಂದ ಜಾಗದ ಲೇಬಲ್ಲನ್ನೇ ಹೊತ್ತುಕೊಂಡು ಬರುತ್ತದೆ. ಸಾಹೇಬರ ಫೋಲ್ಡರಿನ ಲೇಬಲ್ ಹೊತ್ತು ಬಂದ ಫೈಲುಗಳನ್ನು ಕಾವಲು ತಡೆದಿತ್ತು. ಅದು ತನ್ನ ಕೆಲಸ ಮಾಡಿತ್ತು ಪಾಪ.

ಇದಕ್ಕೆ ಮದ್ದು ಒಂದೇ ಸಾಲಿನ ಕಮ್ಯಾಂಡು, ರಿಸ್ಟೋರ್‌ಕಾನ್. ಯಾವ ಜಾಗದ ಫೈಲಿಗೆ ಯಾವ ಲೇಬಲ್ ಇರಬೇಕೆಂದು ಸಿಸ್ಟಮ್ಮಿನ ನಿಯಮದಲ್ಲೇ ಇರುತ್ತದೆ. ಅದನ್ನು ನೋಡಿ ಈ ಕಮ್ಯಾಂಡು ಎಲ್ಲವನ್ನೂ ಮೊದಲಿನಂತೆ ಮಾಡುತ್ತದೆ. ನಾನು ಕೈಹಾಕುವ ಮುಂಚೆ ಸಾಹೇಬರನ್ನು ಕರೆದೆ.

"ಸಾರ್, ಒಂದ್ನಿಮಿಷ ನಿಂತ್ಕೊಂಡು ನೋಡಿ," ಎಂದು ಬಕೆಟ್ಟಿನ ಬಟ್ಟೆ ಅದ್ದಿ, ಹಿಂಡಿ, ಅಕ್ಕ ಒರೆಸುವ ಹಾಗೆಯೇ ಸರ್ವರನ್ನು ಎರಡು ಸಲ ಒರೆಸಿದೆ. ಆಮೇಲೆ ಕುಳಿತು ಕಮ್ಯಾಂಡ್ ಕೊಟ್ಟೆ. ಪರದೆಯ ಮೇಲೆ ಫೈಲುಗಳ ಹೆಸರು ಸರಸರ ಸರಿದವು. ಹೊರಗಿನಿಂದ "ಬಂತು ಮೇಡಂ!" ಎಂಬ ಕೂಗು ಕೇಳಿಸಿತು. ಮೆಷಿನ್ನುಗಳು ಒಂದೊಂದೇ ಸದ್ದು ಮಾಡತೊಡಗಿದವು.

ಸಾಹೇಬರು ಕನ್ನಡಕ ಒರೆಸಿಕೊಂಡರು. "ಓ, ಟೆಕ್ನಿಕಲ್ ಇಶ್ಯೂ ಅನ್ನಿ. ಈ ಲೇಬಲ್ಲು ಗೀಬಲ್ಲು ತಲೆನೋವು ಯಾಕೆ? ಆ ಸೆಕ್ಯೂರಿಟೀನೇ ಆಫ್ ಮಾಡಿ ಬಿಸಾಕಿ."

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಲು ಹೇಳುತ್ತಿದ್ದಾರೆ! "ಅದನ್ನ ಆಫ್ ಮಾಡಲ್ಲ ಸಾರ್. ಅಕ್ಕನ್ನ ವಾಪಸ್ ಕರೆಸಿ. ಎಲ್ಲರ ಮುಂದೆ ಬೈದಿದ್ದೀರಿ, ಎಲ್ಲರ ಮುಂದೆ ನಿಮ್ಮಿಂದ ಆಯ್ತು ಅಂತ ಹೇಳಿ."

"ಅಷ್ಟು ದೊಡ್ಡದು ಮಾಡೋದು ಏನಿದೆ? ಹೇಗಿದ್ರೂ ಬೇರೆಯವರು ಬಂದಿದ್ದಾರೆ. ನೋಡೋಣ ಬಿಡಿ."

ಆಹಾ! ಅಕ್ಕ ಮಾಡದೆ ಇದ್ದದ್ದು 'ಬುದ್ಧಿ ಇಲ್ಲದ ಕೆಲಸ', ಇವರು ಮಾಡಿದ್ದು 'ಟೆಕ್ನಿಕಲ್ ಇಶ್ಯೂ'. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕೇಳಿದ್ದೆ. ಬರೆ ಹಾಕಿದ ಮೇಲೆ ಎತ್ತೇ ನಿಂತು 'ನೋಡೋಣ ಬಿಡಿ' ಎಂದದ್ದನ್ನು ಅವತ್ತು ಕಂಡೆ.

ನಾನು ಸುಮ್ಮನಿರುವ ಹೆಂಗಸಲ್ಲ. ಅವತ್ತು ಮಧ್ಯಾಹ್ನವೇ ಊಟದ ಹೊತ್ತಿನಲ್ಲಿ ಆಪರೇಟರುಗಳಿಗೆಲ್ಲ ನಡೆದದ್ದು ನಡೆದ ಹಾಗೆ ಹೇಳಿದೆ. ಏಜೆನ್ಸಿಗೂ ಫೋನ್ ಮಾಡಿದೆ. ಅಲ್ಲಿನ ಸೂಪರ್‌ವೈಸರ್ ಎಲ್ಲ ಕೇಳಿಸಿಕೊಂಡು, "ನೀವು ಹೇಳಿದ್ರೆ ಆಗಲ್ಲ ಮೇಡಂ. ಕಂಪ್ಲೇಂಟ್ ಮಾಡಿದ್ದು ಮ್ಯಾನೇಜರ್ ಸಾರು, ಅವರೇ ಹೇಳ್ಲಿ," ಎಂದ. ಅಕ್ಕನನ್ನು ಏಜೆನ್ಸಿಯವರು ನಮ್ಮದೇ ರಸ್ತೆಯ ತುದಿಯ ಇನ್ನೊಂದು ಯೂನಿಟ್ಟಿಗೆ ಹಾಕಿದ್ದರು. ಒಳಗಲ್ಲ, ಹೊರಗೆ. ಗೇಟು ಗುಡಿಸುವುದು, ಕಕ್ಕಸು ತೊಳೆಯುವುದು. 'ಸರ್ವರ್ ಹಾಳು ಮಾಡಿದವಳು' ಎಂಬ ಮಾತು ಅವರಿಗಿಂತ ಮುಂಚೆ ಆ ಗೇಟು ತಲುಪಿತ್ತು. ಮೆಷಿನ್ ಇರುವ ಕಡೆ ಅವರನ್ನು ಬಿಡುತ್ತಿರಲಿಲ್ಲ.

ಸಂಜೆ ಹೋಗಿ ನಿಜ ಹೇಳಿದೆ. ಅಕ್ಕ ಪೊರಕೆಯನ್ನು ನೆಲಕ್ಕೆ ಕುಟ್ಟಿದರು. "ಹಂಗಾದ್ರ ನನ್ನಿಂದ ಆಗಿಲ್ಲ," ಎಂದರು. ಎರಡು ದಿನದಿಂದ ತನ್ನಿಂದಲೇ ಆಯಿತೇನೋ ಎಂದು ಅವರಿಗೇ ಅನುಮಾನ ಹತ್ತಿತ್ತಂತೆ, ಬಟ್ಟೆ ಸರಿಯಾಗಿ ಹಿಂಡಲಿಲ್ಲವೇನೋ ಎಂದು ಊಟ ಸೇರಿರಲಿಲ್ಲವಂತೆ. ಅದನ್ನು ಕೇಳಿ ನನಗೆ ಸಾಹೇಬರ ಕುತ್ತಿಗೆ ಹಿಡಿಯುವಷ್ಟು ಸಿಟ್ಟು ಬಂತು.

"ವಾಪಸ್ ಬರ್ತೀರಾ ಅಕ್ಕ, ಹೇಗಾದ್ರೂ ಮಾಡಿ ಕರೆಸ್ತೀನಿ."

"ಕಳ್ಳರಂಗ ಹಿಂದಿನ ಬಾಗಿಲಿಂದ ಬರೂದಿಲ್ರಿ ಮೇಡಮ್ಮಾರ. ಮಂದಿ ಮುಂದ ಅಂದಾರ, ಮಂದಿ ಮುಂದ ಹೇಳಿದ್ರ ಬರ್ತೀನಿ."

ಆಮೇಲೆ ಸಾಹೇಬರನ್ನು ನಾನು ಬಿಡಲಿಲ್ಲ. ಮೀಟಿಂಗ್ ಮುಗಿದಾಗ, ಟೀ ಕುಡಿಯುವಾಗ, ಕಾರು ಹತ್ತುವಾಗ, "ಸಾರ್, ಅಕ್ಕನ ವಿಷಯ?" ಅವರು "ಹಾಂ ಹಾಂ, ಮಾಡೋಣ" ಎನ್ನುತ್ತಿದ್ದರು. ಒಮ್ಮೆ, "ನಿಮಗೆ ಬೇರೆ ಕೆಲಸ ಇಲ್ವಾ?" ಎಂದರು. ಇತ್ತು, ಅವರು ಕೆಡಿಸಿದ್ದನ್ನು ಸರಿಮಾಡುವುದು. ಪ್ರತಿದಿನ ಅವರ ಕಾರು ಆ ಯೂನಿಟ್ಟಿನ ಗೇಟಿನ ಮುಂದೆಯೇ ಹೋಗುತ್ತಿತ್ತು, ಪ್ರತಿದಿನ ಅಕ್ಕ ಪೊರಕೆ ಹಿಡಿದು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಹೀಗೇ ಇನ್ನೊಂದು ಆಯುಧಪೂಜೆ ಬಂತು.

ಹಿಂದಿನ ದಿನ ಎಲ್ಲರೂ ಮೆಷಿನ್ ಒರೆಸುತ್ತಿದ್ದರು. ಸಾಹೇಬರು ಸರ್ವರ್ ಕೋಣೆಯ ಬಾಗಿಲಲ್ಲಿ ನಿಂತು ಹೊಸ ಹೌಸ್‌ಕೀಪಿಂಗ್ ಹೆಂಗಸನ್ನು ಕರೆದರು. ಆಕೆ, "ಅದೊಂದು ನಂಗೆ ಬ್ಯಾಡ ಸಾರ್," ಎಂದು ಹಿಂದಕ್ಕೆ ಸರಿದಳು. ಒಬ್ಬ ಆಪರೇಟರನ್ನು ಕರೆದರು, ಅವನಿಗೆ ಕೈ ಎಣ್ಣೆಯಾಗಿತ್ತು. ಇನ್ನೊಬ್ಬನಿಗೆ ಬೆನ್ನುನೋವು. ಕೊನೆಗೆ ಹಿರಿಯ ಆಪರೇಟರ್ ಮುಂದೆ ಬಂದ.

"ನಾನು ಒರೆಸ್ತೀನಿ ಸಾರ್. ಆದ್ರೆ ಹಬ್ಬ ಕಳ್ದು ಮೆಷಿನ್ ನಿಂತ್ರೆ ನನ್ನೂ ಮನೆಗೆ ಕಳಿಸ್ತೀರಾ?"

"ಒರೆಸಿದ್ರೆಲ್ಲ ನಿಲ್ಲಲ್ಲ ಕಣಯ್ಯ."

"ಮತ್ತೆ ಹೋದ್ಸಲ ಯಾಕೆ ನಿಂತಿತ್ತು ಸಾರ್?"

ಎಲ್ಲರೂ ಒರೆಸುವುದನ್ನು ನಿಲ್ಲಿಸಿ ನೋಡಿದರು. ಎಲ್ಲರಿಗೂ ಉತ್ತರ ಗೊತ್ತಿತ್ತು. ಅದು ಸಾಹೇಬರ ಬಾಯಿಂದ ಬರಬೇಕಿತ್ತು ಅಷ್ಟೇ. ಸಾಹೇಬರ ಕಿವಿ ಕೆಂಪಾಯಿತು. "ಅದು... ನಾನು ಫೈಲ್ಸ್ ಮೂವ್ ಮಾಡಿದ್ದೆ. ಲೇಬಲ್ ಬದಲಾಗಿತ್ತು. ಆಯಮ್ಮಂದೇನಿಲ್ಲ," ಎಂದರು.

ನಾನು ಆಗಲೇ ಏಜೆನ್ಸಿಗೆ ಫೋನ್ ಮಾಡಿ ಅವರ ಮುಂದೆ ಹಿಡಿದಿದ್ದೆ. "ಇದನ್ನೇ ಇಲ್ಲೂ ಹೇಳ್ಬಿಡಿ ಸಾರ್." ಹೇಳಿದರು, ಬೇರೆ ದಾರಿಯಿರಲಿಲ್ಲ. ಆಮೇಲೆ ಸರ್ವರನ್ನೂ ಅವರೇ ಒರೆಸಿದರು, ಬಟ್ಟೆ ಸರಿಯಾಗಿ ಹಿಂಡದೆ.

ನಾನು ಸರ್ವರ್ ಕೋಣೆಯ ಚಪ್ಪಲಿ ಬದಲಿಸಲೂ ನಿಲ್ಲದೆ ರಸ್ತೆಯ ತುದಿಗೆ ಓಡಿದೆ. ಅಕ್ಕ ಗೇಟಿಗೆ ಚೆಂಡುಹೂವಿನ ಸರ ಕಟ್ಟುತ್ತಿದ್ದರು. ಏದುಸಿರು ಬಿಡುತ್ತಾ ಎಲ್ಲ ಹೇಳಿದೆ: ಅವರ ಬಾಯಿಂದಲೇ ಬಂತು ಅಕ್ಕ, ಏಜೆನ್ಸಿಗೂ ಹೇಳಿಸಿದೆ, ಇನ್ನು ನೀವು ಬರಬಹುದು.

"ಎಲ್ಲಾರ ಮುಂದ ಹೇಳಿದ್ರೇನ್ರಿ?"

"ಎಲ್ಲರ ಮುಂದೆ."

ಅಕ್ಕ ಸರದ ಇನ್ನೊಂದು ತುದಿಯನ್ನು ಗೇಟಿಗೆ ಕಟ್ಟಿದರು. "ನನ್ನ ಬೈಯೂವಾಗ ನಡುಮಧ್ಯ ನಿಂದ್ರಿಸಿಕೊಂಡು ಬೈದ್ರು," ಎಂದರು. "ಈ ಮಾತು ಹೇಳೂವಾಗ ನನ್ನ ಯಾಕ ಕರೀಲಿಲ್ರಿ ಮೇಡಮ್ಮಾರ?"