ಗೋಡೆ ಸರಿಯದ ಗಾಡಿ

ಇಂಡಿಯಾನಾದ ಗೋಶೆನ್ ಊರಿನ ಆರ್ಡಿತ್ ಶ್ರಾಕ್ ಪಿಕಪ್‌ಗೆ ಕಟ್ಟಿ ಎಳೆದೊಯ್ಯುವ ಮನೆಗಾಡಿಗಳ, ಅಂದರೆ ಟ್ರೇಲರ್‌ಗಳ, ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವಳು. ಬೆಳಗಿನ ಐದಕ್ಕೆ ಕೆಲಸ ಹಿಡಿದು ಮಧ್ಯಾಹ್ನ ಒಂದಕ್ಕೆಲ್ಲ ಮುಗಿಸಿ ಓಡುವ ಜನ ಅಲ್ಲಿಯವರು. ಎಷ್ಟು ಗಾಡಿ ಹೊರಬಿತ್ತೋ ಅಷ್ಟು ಕೂಲಿ. ಮಳೆನೀರು ಸೋರದಂತೆ ಸ್ಲೈಡಿನ ಸುತ್ತ ರಬ್ಬರ್ ಪಟ್ಟಿ ಅಂಟಿಸುವುದು ಅವಳ ಪಾಲಿನ ಕೆಲಸ. ಗಾಡಿ ನಿಲ್ಲಿಸಿ ಗುಂಡಿ ಒತ್ತಿದರೆ ಸೋಫಾ ಸಮೇತ ಹೊರಕ್ಕೆ ಸರಿದು ಕೋಣೆಯನ್ನು ಅಗಲ ಮಾಡುವ ಗೋಡೆಯೇ ಸ್ಲೈಡು. ಅಂಥ ಗೋಡೆಗಳನ್ನು ಸಾವಿರಗಟ್ಟಲೆ ಸಾಗಹಾಕಿದವಳು ಒಂದೇ ಒಂದು ರಾತ್ರಿಯೂ ಟ್ರೇಲರಿನಲ್ಲಿ ಮಲಗಿದ್ದಿಲ್ಲ.

ಕೆಲಸ ಬಿಟ್ಟ ಮೇಲೆ ಒಂದು ಟ್ರೇಲರ್ ಕೊಂಡು, ಮಿಷಿಗನ್ ಸರೋವರದ ದಂಡೆಗುಂಟ ಉತ್ತರಕ್ಕೆ ಹೋಗಬೇಕೆಂಬುದು ಅವಳ ಆಸೆ. ಬೇರೆ ಯಾವ ದೊಡ್ಡ ಆಸೆಯೂ ಅವಳಿಗಿರಲಿಲ್ಲ. ಆದರೆ ಮೂರು ವರ್ಷದಿಂದ ಅದು ಅಡುಗೆಮನೆಯ ಮೇಜಿನ ಮೇಲೇ ಕೊಳೆಯುತ್ತಿತ್ತು, ಗಂಡ ಡುವೇನನ ದೆಸೆಯಿಂದ. ಸ್ಲೈಡಿಲ್ಲದ ನಕ್ಷೆ ತೋರಿಸಿದರೆ ಇಕ್ಕಟ್ಟು ಅನ್ನುವನು. ಸ್ಲೈಡಿರುವುದನ್ನು ತೋರಿಸಿದರೆ ಭಾರ, ನಮ್ಮ ಪಿಕಪ್ ಎಳೆಯುವುದಿಲ್ಲ ಅನ್ನುವನು. ಎಳೆಯುವಂಥದ್ದು ಸಿಕ್ಕಿತೆಂದರೆ, ಮಂಚ ತಪ್ಪು ಕಡೆ ಇದೆ. ಆರ್ಡಿತ್‌ಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

“ಸ್ಲೈಡು ಬೇಡ ಡುವೇನ್, ಸೋರುತ್ತೆ. ಪಟ್ಟಿ ಅಂಟಿಸಿದವಳೇ ನಾನು, ನನಗೆ ಗೊತ್ತಿಲ್ವಾ?”

“ನೀನು ಅಂಟಿಸಿದ್ದು ಸೋರುತ್ತೆ ಅಂದ್ರೆ ಇಪ್ಪತ್ತೆಂಟು ವರ್ಷ ಸಂಬಳ ಯಾಕೆ ತಗೊಂಡೆ?”

ಇಂಥ ಮನುಷ್ಯನ ಜೊತೆ ವಾದಕ್ಕೆ ಕೂರುವುದು ಹೇಗೆ?

ಅಕ್ಟೋಬರ್‌ನಲ್ಲಿ ಅವಳು ಅವನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಮಾರಾಟದ ಅಂಗಳಕ್ಕೆ ಹೋದಳು. ಮೊಣಕಾಲು ಕೈಕೊಟ್ಟಿದ್ದರಿಂದ ಡುವೇನನ ಕೈಯಲ್ಲಿ ವಾಕರ್. ಅಂಗಳದ ಅಷ್ಟೂ ಟ್ರೇಲರ್‌ಗಳು ಸ್ಲೈಡು ಚಾಚಿಕೊಂಡು, ಒಳಗೆ ದಿಂಬು ಜೋಡಿಸಿಕೊಂಡು ನಿಂತಿದ್ದವು. ತೋರಿಸಲು ಬಂದ ಹುರಿಮೀಸೆಯ ಟ್ರೆಂಟ್ ಎಂಬವನು ಡುವೇನನನ್ನು ದೊಡ್ಡದೊಂದಕ್ಕೆ ಹತ್ತಿಸಿ, ಜಾಗ ಹೇಗಿದೆ ನೋಡಿ ಎಂದು ಕೈ ಬೀಸಿದ.

“ಅದನ್ನ ಮುಚ್ಚಪ್ಪ,” ಎಂದಳು ಆರ್ಡಿತ್.

“ಮುಚ್ಚಿದ್ರೆ ಏನ್ ಕಾಣುತ್ತೆ ಮೇಡಂ? ತೆರೆದಾಗಲೇ ಅಲ್ವಾ ಚೆಂದ.”

“ರಸ್ತೇಲಿ ಮುಚ್ಚೇ ಇರುತ್ತಲ್ಲ. ಮುಚ್ಚು.”

ಅವನು ಒಲ್ಲದ ಮನಸ್ಸಿನಿಂದ ಗುಂಡಿ ಒತ್ತಿದ. ಸೋಫಾ ಗೊರಗುಟ್ಟುತ್ತ ಒಳಬಂದು ಅಡುಗೆಕಟ್ಟೆಗೆ ಒತ್ತಿ ನಿಂತಿತು. ಅದರಾಚೆ ಟಾಯ್ಲೆಟ್ಟಿನ ಬಾಗಿಲು. ಕೈ ತೂರಿಸಲೂ ಸಂದಿಯಿಲ್ಲ. ಡುವೇನ್ ಆ ಬಾಗಿಲನ್ನೇ ನೋಡುತ್ತ ಬಿಳಿಚಿಕೊಂಡ. ಅಂತೂ ಇವನಿಗೆ ಬುದ್ಧಿ ಬಂತು ಎಂದುಕೊಂಡಳು ಆರ್ಡಿತ್.

“ಯಾವುದೂ ಬೇಡ ಬಿಡು,” ಎಂದ ಅವನು. “ಮುಂದಿನ ವರ್ಷ ಹೊಸ ಮಾಡೆಲ್ ಬರ್ತಾವೆ.”

ಅವಳು ಪಕ್ಕದ ಸಣ್ಣದಕ್ಕೆ ನಡೆದಳು. ಸ್ಲೈಡಿಲ್ಲದ್ದು, ಇಪ್ಪತ್ತಡಿಯದ್ದು. ಡುವೇನನ ವಾಕರ್ ಅದರೊಳಗೆ ಎರಡು ಹೆಜ್ಜೆಗೇ ಸಿಕ್ಕಿಕೊಂಡಿತು.

“ನೋಡ್ದಾ, ವಾಕರ್ ಹಿಡಿಯಲ್ಲ,” ಎಂದ. ದನಿಯಲ್ಲಿ ಖುಷಿಯಿತ್ತು. ಆ ಖುಷಿಯೇ ಅವಳ ಪಿತ್ತ ನೆತ್ತಿಗೇರಿಸಿತು.

“ಟ್ರೆಂಟ್, ಕಾಗದ ತಗೊಂಡು ಬಾ. ಇದನ್ನೇ ತಗೋತೀನಿ. ನನ್ನೊಬ್ಬಳ ಹೆಸರಲ್ಲಿ.”

ಟ್ರೆಂಟ್ ಬದುಕಿದೆಯಾ ಬಡಜೀವವೇ ಎಂದು ಕಾಲ್ಕಿತ್ತ.

“ನಿನಗೆ ಟ್ರೇಲರ್ ಹಿಂದಕ್ಕೆ ತಗೊಳ್ಳೋಕೆ ಬರಲ್ಲ,” ಎಂದ ಡುವೇನ್.

“ಮುಂದಕ್ಕೆ ಹೋಗೋಕೆ ಬರುತ್ತೆ. ನನಗೆ ಅರವತ್ತೇಳು ಡುವೇನ್. ನೀನು ಬಂದ್ರೆ ಬಾ, ಬಿಟ್ರೆ ಬಿಡು.”

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ನೆಲ ನೋಡುತ್ತ ಹೇಳಿದ:

“ಹಾರ್ಟಿನ ಮಾತ್ರೆ ಶುರುವಾದಾಗಿಂದ ಅರ್ಧ ಗಂಟೆಗೊಂದ್ಸಲ ಹೋಗ್ಬೇಕು. ತಡ್ಕೊಳ್ಳೋಕಾಗಲ್ಲ. ಮೂರು ವರ್ಷದ ಹಿಂದೆ ಈಸ್ಟರ್‌ಗೆ ತಂಗಿ ಮನೆಗೆ ಹೋದಾಗ ಸೀಟಿನ ಮೇಲೆ ಕಾಫಿ ಚೆಲ್ಲಿತು ಅಂದಿದ್ನಲ್ಲ, ಅದು ಕಾಫಿ ಅಲ್ಲ.”

ಆ ಸೀಟನ್ನು ಉಜ್ಜಿ ತೊಳೆದವಳೇ ಅವಳು. ಕಾಫಿಯಲ್ಲವೆಂದು ಆಗಲೇ ಗೊತ್ತಾಗಬೇಕಿತ್ತು. ಸೋರುವ ಗೋಡೆ, ಎಳೆಯದ ಪಿಕಪ್, ತಪ್ಪು ಕಡೆಯ ಮಂಚ ಎಂದು ಮೂರು ಬೇಸಿಗೆ ಜಗಳವಾಡಿ ಕಳೆದಿದ್ದರು. ಒಂದು ಮಾತು ಬಾಯಿಬಿಟ್ಟಿದ್ದರೆ ಮುಗಿಯುತ್ತಿತ್ತು. ಅವಳಿಗೆ ಅಯ್ಯೋ ಅನ್ನಿಸಿತು, ಅದಕ್ಕಿಂತ ಹೆಚ್ಚಾಗಿ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

“ವಾಕರ್ ಹೊರಗಿಡು,” ಎಂದಳು. “ಈ ಕಡೆ ಕಟ್ಟೆ ಹಿಡ್ಕೋ, ಆ ಕಡೆ ಕಪಾಟು. ಇಕ್ಕಟ್ಟು ಅಂತಿದ್ಯಲ್ಲ, ನಡಿ. ದಾರೀಲಿ ಎಲ್ಲಿ ಬೇಕಾದ್ರೂ ನಿಲ್ಲಿಸ್ತೀನಿ, ಹಿಂಗೇ ಹತ್ತಿ ಹೋಗು.”

ಎರಡೂ ಕೈಗೆ ಆಸರೆ ಸಿಕ್ಕಿತು. ಏಳು ಹೆಜ್ಜೆ ಹಾಕಿದ, ಟಾಯ್ಲೆಟ್ಟಿನ ಬಾಗಿಲು ತೆರೆದ, ಒಳಹೋಗಿ ಮುಚ್ಚಿಕೊಂಡ. ಆರ್ಡಿತ್ ಹೊರಗೆ ನಿಂತು ಕಾದಳು. ಒಳಗಿಂದ ಸದ್ದು ಶುರುವಾಗುವುದಕ್ಕೂ ಟ್ರೆಂಟ್ ಕಾಗದ ಹಿಡಿದು ಬರುವುದಕ್ಕೂ ಸರಿಹೋಯಿತು.

“ಸರ್, ಸರ್, ಅದಕ್ಕೆ ನೀರಿಲ್ಲ, ಅದು ಬರೀ ನೋಡೋಕೆ ಇಟ್ಟಿರೋದು,” ಎಂದು ಅವನು ಬಾಗಿಲತ್ತ ನುಗ್ಗಿದ.

ಆರ್ಡಿತ್ ಅವನ ಕೈಯಿಂದ ಪೆನ್ನು ಕಿತ್ತುಕೊಂಡಳು. “ಸಹಿ ಎಲ್ಲಿ ಹಾಕ್ಬೇಕು ತೋರಿಸು. ಅವನು ಹೊರಗೆ ಬರೋದ್ರೊಳಗೆ ಗಾಡಿ ನಮ್ದಾಗ್ಬೇಕು.”