ಬಾಯಿ ಬಡಿದುಕೊಂಡ ಫೋಟೊ

ಕಬಡ್ಡಿ ಗಂಡುಹುಡುಗರ ಆಟ ಎಂದೇ ನಾನು ತಿಳಿದಿದ್ದೆ. ಮೊಮ್ಮಗಳು ಕಾಲೇಜಿನ ತಂಡ ಸೇರಿದ ಮೇಲೆ, ಅದೇನು ಆಡುತ್ತಾಳೋ ನೋಡಿಯೇ ಬಿಡೋಣ ಎಂದು ನಮ್ಮ ಶಹಾಪುರದಿಂದ ಪಂದ್ಯವಿದ್ದ ಸುರಪುರದ ಬಸ್ಸು ಹತ್ತಿದೆ. ನಾನು ನೋಡಿದ ಮೊದಲ ಪಂದ್ಯ ಅದು.

ಆಟ ಮುಗಿಯುವ ಹೊತ್ತಿಗೆ ಇವಳು ಉಸಿರು ಕಟ್ಟಿ ಎದುರಿನವರ ಅಂಕಣಕ್ಕೆ ನುಗ್ಗಿದಳು. ಅವರೆಲ್ಲ ಒಟ್ಟಿಗೆ ಇವಳ ಮೇಲೆ ಬಿದ್ದರು. ಹತ್ತಿ ಚೀಲ ಒಂದರ ಮೇಲೊಂದು ಒಟ್ಟಿದ ಹಾಗೆ ಬರೀ ಮೈಗಳು, ಇವಳು ಕಾಣಲೇ ಇಲ್ಲ. ನನ್ನ ಕೂಸು ಸತ್ತೇ ಹೋಯಿತು ಎಂದು ಎದ್ದು ನಿಂತು ಬಾಯಿ ಬಾಯಿ ಬಡಿದುಕೊಂಡೆ. ಸುತ್ತಲಿನವರು ನೋಡಿದರೆ ಚಪ್ಪಾಳೆ ತಟ್ಟುತ್ತಿದ್ದಾರೆ! ಆ ರಾಶಿಯ ಅಡಿಯಿಂದ ಒಂದು ಕೈ ಚಾಚಿ ನಡುಗೆರೆ ಮುಟ್ಟಿತ್ತಂತೆ. ಇವಳ ತಂಡ ಗೆದ್ದಿತ್ತು.

ಮರುದಿನ ಪೇಪರಿನಲ್ಲಿ ಫೋಟೊ ಬಂತು. ಕೆಳಗೆ ಮಣ್ಣಿನಲ್ಲಿ ಗೆರೆ ಮುಟ್ಟಿದ ಅವಳ ಕೈ, ಹಿಂದೆ ಕಣ್ಣು ಕಿಸಿದು ಬಾಯಿ ಬಡಿದುಕೊಳ್ಳುವ ನಾನು. ಕಾಲೇಜಿನವರು ಅದನ್ನು ದೊಡ್ಡದು ಮಾಡಿಸಿ ಬಾಗಿಲ ಬಳಿ ತೂಗುಹಾಕಿದರು. ಕಟಿಂಗ್ ಅಂಗಡಿಯ ಗೋಡೆಗೂ ಚಹಾದ ಹೋಟೆಲಿಗೂ ಅಂಟಿತು. ಅವಳ ಮುಖ ಕಾಣದಿದ್ದರೂ ಆ ಕೈ ಯಾರದೆಂದು ಊರೆಲ್ಲ ಹೇಳುತ್ತಿತ್ತು. ನನಗೂ ಸ್ವಲ್ಪ ಸೊಕ್ಕು ಬಂತು.

ಆಮೇಲೆ ಒಂದು ದಿನ ಕಾಯಿಪಲ್ಲೆ ತರಲು ಹೋದರೆ ಮಾರುವವಳು ನನ್ನ ಮುಖ ನೋಡಿ ಬಿದ್ದುಬಿದ್ದು ನಕ್ಕಳು. ಮನೆಗೆ ಬಂದು ಮೊಮ್ಮಗಳನ್ನು ಕೇಳಿದೆ. ಅವಳು ಫೋನು ತೋರಿಸಿದಳು.

"ಆಯಿ, ನೀ ಎಲ್ಲಾರ ಫೋನಿನ್ಯಾಗ ಅದಿ ನೋಡು."

ಬರೀ ನನ್ನ ಮುಖ. ಮೇಲೆ ಒಂದೊಂದರಲ್ಲಿ ಒಂದೊಂದು ಬರಹ. ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಮದುವಿ ಊಟಕ್ಕ ಕೂತಾಗ ಭಜಿ ಖಾಲಿ ಅಂದ್ರ. ಬೀಗರು ಎಂಟು ದಿನ ಇರ್ತೀವಿ ಅಂದ್ರ.

"ನಿನ್ನ ಕೈ ಎಲ್ಲಿ ಅದ?"

"ಕತ್ತರಿಸ್ಯಾರ."

"ಆಡಿದಾಕೀನ್ನ ಬಿಟ್ಟು ಬಾಯಿ ಬಡಕೊಂಡಾಕೀನ್ನ ಇಟ್ಕೊಂಡಾರ? ಇವರ ಕಣ್ಣಿಗಿ ಏನ್ ಬಡದದ?"

"ಇದಕ್ಕ ಮೀಮ್ ಅಂತಾರ, ಆಯಿ. ನಗಾಕ ಮಾಡ್ತಾರ."

ಅವಳು ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಅವಳ ಅಪ್ಪನಿಗೆ, ಅಂದರೆ ನನ್ನ ಮಗನಿಗೆ, ಮೊದಲೇ ಹುಡುಗಿ ಆಡುವುದು ಅಷ್ಟಕ್ಕಷ್ಟೆ. ಯಾದಗಿರಿಯಲ್ಲಿ ಜಿಲ್ಲಾ ತಂಡಕ್ಕೆ ಆಯ್ಕೆ ಇತ್ತು. ಅವನು ಹೂಂ ಎನ್ನದೆ ಉಹೂಂ ಎನ್ನದೆ ತಿರುಗುತ್ತಿದ್ದ.

ಆಯ್ಕೆಯ ಹಿಂದಿನ ದಿನ ಬೆಳಿಗ್ಗೆ ಓಣಿಯ ತುದಿಯಿಂದಲೇ ಅಳು ಕೇಳಿಸಿತು. ದೇವಾಪುರದ ನನ್ನ ತಂಗಿ ಸೆರಗು ಬಾಯಿಗಿಟ್ಟುಕೊಂಡು ಓಡಿಬರುತ್ತಿದ್ದಳು.

"ಯಕ್ಕಾ, ಬಂಗಾರದಂಥ ಕೂಸಿನ್ನ ಮಣ್ಣಿಗಿ ಹಾಕಿದೆಲ್ಲಾ!"

ಯಾರು ಸತ್ತರೆಂದು ನನಗೇ ತಿಳಿಯಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಮೊಮ್ಮಗಳು ಹಸಿಗೈಯಲ್ಲೇ ಬಂದಳು.

"ಯಾಕ ಸಣ್ಣಾಯಿ, ಯಾರ್ ಹೋದ್ರು?"

ತಂಗಿ ಚೀರಿ ಅಲ್ಲೇ ಕುಸಿದಳು. ಆಮೇಲೆ ಹುಡುಗಿಯ ಕೆನ್ನೆ ಮುಟ್ಟಿ ನೋಡಿ, ಅದೇ ಕೆನ್ನೆಗೆ ಒಂದು ಬಿಟ್ಟಳು. ತಂಗಿಯ ಫೋನಿನಲ್ಲಿ ಅದೇ ನನ್ನ ಮುಖ. ಕೆಳಗೆ, ಕಬಡ್ಡಿ ಆಡುವಾಗ ಮೊಮ್ಮಗಳ ಸಾವು, ಅಜ್ಜಿಯ ಗೋಳು ಎಂದು ಬರೆದಿತ್ತು. ಯಾರೋ ಕಾಣದವರು ಕುಂತಲ್ಲೇ ನಮ್ಮ ಜೀವಂತ ಹುಡುಗಿಯನ್ನು ಕೊಂದಿದ್ದರು.

"ಫೋನ್ ಹಚ್ಚಿ ಕೇಳಾಕ ಏನಾಗಿತ್ತು ನಿನಗ?" ಎಂದೆ ತಂಗಿಗೆ.

"ಸತ್ತ ಮನಿಗಿ ಫೋನ್ ಹಚ್ಚಿ ಖರೇನ ಸತ್ತಾರೇನ್ರಿ ಅಂತ ಕೇಳ್ತಾರೇನ? ನೀ ಸುಮ್ಮಸುಮ್ಮನ ಬಾಯಿ ಬಡಕೊಳ್ಳಾಕಿ ಅಲ್ಲ. ಅದಕ್ಕ ನಂಬಿದೆ."

ಮಗ ಹೊಸ್ತಿಲಲ್ಲಿ ನಿಂತು ಎಲ್ಲ ಕೇಳಿದ. ಅವನ ಮುಖ ಬಿಳಿಚಿತ್ತು.

"ಮುಗೀತು. ಸತ್ತ ಸುದ್ದಿ ಬಂದ ಮ್ಯಾಲ ಆಟಕ್ಕ ಕಳಸೂದಿಲ್ಲ. ಅಪಶಕುನ."

ಹುಡುಗಿ ಹಿತ್ತಲಿಗೆ ಹೋಗಿ ಬಟ್ಟೆ ಕಲ್ಲಿಗೆ ಬಡಿಯತೊಡಗಿದಳು. ಆ ಸಪ್ಪಳ ಕೇಳಿ ನನಗೆ ತಡೆಯಲಾಗಲಿಲ್ಲ.

"ಕಾಗಿ ತಲಿ ಮುಟ್ಟಿದ್ರ ಏನ್ ಮಾಡ್ತಾರ?" ಎಂದು ಮಗನನ್ನು ಕೇಳಿದೆ. "ಸತ್ತಾರಂತ ಬಳಗದವರಿಗಿ ಸುಳ್ಳು ಸುದ್ದಿ ಕಳಸ್ತಾರ. ಅವರು ಅತ್ರ ಗಂಡಾಂತರ ಕಳೀತು. ನೀ ಸಣ್ಣಾಂವ ಇದ್ದಾಗ ಕಾಗಿ ನಿನ್ನ ತಲಿಗಿ ಬಡದಿತ್ತು. ನಿಮ್ಮ ಮಾವಗ ಸುದ್ದಿ ಕಳಿಸಿ ಅಳಿಸಿದೆ. ನೀ ಇನ್ನೂ ಮೂರ್ ಹೊತ್ತು ಉಣ್ಣಾಕತ್ತಿ."

"ಕಾಗಿ ಬ್ಯಾರೆ, ಫೋನ್ ಬ್ಯಾರೆ, ಯವ್ವ."

"ಅಳು ಒಂದ ಅಲ್ಲೇನ? ಸಣ್ಣವ್ವ ದೇವಾಪುರದಿಂದ ಅಳಕೋತ ಬಂದಾಳ. ಅದು ದಂಡ ಆಗಬೇಕೇನ?"

"ಬಸ್ಸಿನ ಮಂದೀನೂ ಅತ್ತಾರಪ್ಪ," ಎಂದಳು ತಂಗಿ, ಮೂಗು ಒರೆಸಿಕೊಂಡು. "ಕಂಡಕ್ಟರ್ ತಿಕೀಟ್ ಹರಿಯೂದು ಬಿಟ್ಟು ಅತ್ತ."

ಮಗನಿಗೆ ನಗು ಬಂತು. ಅವನು ಅದನ್ನು ನುಂಗಲು ನೋಡಿದ, ಆಗಲಿಲ್ಲ. ಕಾಗೆಯ ಮಾತನ್ನು ನಾನು ನಂಬುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಅವನು ನಂಬಿದ, ಅಷ್ಟು ಸಾಕಿತ್ತು.

ಮರುದಿನ ಅವನೇ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಯಾದಗಿರಿಗೆ ಹೋದ. ಸಾವು ಕೇಳಿದವರ ಫೋನು ಅವತ್ತೂ ನಿಲ್ಲಲಿಲ್ಲ. "ಸತ್ತಿಲ್ರಿ, ಆಡಾಕ ಹೋಗ್ಯಾಳ," ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಎಲ್ಲರೂ ತಪ್ಪಾಯಿತೆಂದು ಗಡಬಡಿಸಿ ಇಟ್ಟುಬಿಡುತ್ತಿದ್ದರು. ವಡಗೇರಾದ ಬೀಗರು ಮಾತ್ರ ಫೋನು ಇಡದೆ, "ಹಂಗಾರ ಗೆದ್ಲೇನ್ರಿ?" ಎಂದು ಕೇಳಿದರು.

"ಇನ್ನ ಬಂದಿಲ್ರಿ. ಸಂಜಿಕ ಫೋನ್ ಹಚ್ರಿ," ಎಂದೆ.