ಕೆಮ್ಮಿನ ಮಾತ್ರೆಯ ಚೀಟಿ

ಪ್ರತಿ ದಿನ ಮಧ್ಯಾಹ್ನ ಒಂದು ಗಂಟೆಗೆ ನನ್ನ ಚಿಕ್ಕಪ್ಪನ ಮಗನ ಹಾಜರಿ ಕಾರ್ಡಿನ ಮೇಲೆ ನಾನೇ ಕೆಂಪು ಮೊಹರು ಒತ್ತಬೇಕಾಗಿತ್ತು. ‘ಒ.ಡಿ.’, ಅಂದರೆ ಆನ್ ಡ್ಯೂಟಿ. ಪೀಣ್ಯದ ನಮ್ಮ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ನಾನು ಗುಮಾಸ್ತ. ಅವನು ಫೌಂಡ್ರಿಯಲ್ಲಿ ಎರಕದ ಅಚ್ಚಿಗೆ ಮರಳು ತುಂಬುವವನು. ಆದರೆ ಅವನನ್ನು ತೆಗೆದುಕೊಂಡದ್ದು ಮರಳು ತುಂಬುವ ಕೈಗಾಗಿ ಅಲ್ಲ, ಕಾಲಿಗಾಗಿ. ಎಂಟುನೂರು ಮೀಟರ್ ಓಟದಲ್ಲಿ ಅವನು ಕಂಪನಿಗೆ ಕಪ್ ತರುತ್ತಿದ್ದ. ಆದ್ದರಿಂದ ಅರ್ಧ ದಿನ ಮರಳು, ಅರ್ಧ ದಿನ ಮೈದಾನ, ಪೂರ್ತಿ ಸಂಬಳ. ಕ್ಯಾಂಟೀನಿನಲ್ಲಿ ದಿನಕ್ಕೆ ಎರಡು ಮೊಟ್ಟೆ, ಒಂದು ಲೋಟ ಹಾಲು ಬೇರೆ.

ಕಪ್‌ಗಳು ನನಗೂ ಬಂದಿದ್ದವು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಏಳು. ಪರವಾಗಿ ಮಾತಾಡು ಎಂದರೆ ಪರ, ವಿರೋಧವಾಗಿ ಎಂದರೆ ವಿರೋಧ. ಯಾವ ಕಡೆ ನಿಲ್ಲಿಸಿದರೂ ಗೆದ್ದುಕೊಂಡು ಬರುತ್ತಿದ್ದೆ. ಅವುಗಳಲ್ಲಿ ಒಂದರಲ್ಲಿ ಅವ್ವ ದೀಪದ ಬತ್ತಿ ಇಡುತ್ತಿದ್ದಳು. ಮಾತಾಡಿದ್ದಕ್ಕೆ ಯಾವ ಕಂಪನಿಯೂ ಮೊಟ್ಟೆ ಕೊಡಲಿಲ್ಲ.

ನಾನು ಮೊಹರು ಒತ್ತುವಾಗ ಅವನು ಕಿಟಕಿಯಲ್ಲಿ ಮುಖ ತೂರಿಸಿ, “ಬಲವಾಗಿ ಒತ್ತಣ್ಣ, ಮೊನ್ನೆ ಅಳಿಸ್ಕೊಂಡಿತ್ತು” ಎನ್ನುತ್ತಿದ್ದ. ತಮಾಷೆಗೇ ಹೇಳುತ್ತಿದ್ದ. ನನಗೆ ಮೈ ಉರಿಯುತ್ತಿತ್ತು.

ಆ ವರ್ಷ ಕಾರ್ಖಾನೆಗಳ ನಡುವಿನ ಕ್ರೀಡಾಕೂಟಕ್ಕೆ ಹೊಸದೊಂದು ಬಂತು. ಓಟ ಮುಗಿದ ಮೇಲೆ ಗೆದ್ದವರನ್ನು ಡೇರೆಯೊಳಗೆ ಕರೆದು ಒಂದೊಂದು ಶೀಷೆ ಕೊಟ್ಟರು. ಮೂತ್ರ ಹಿಡಿದುಕೊಡಬೇಕು. ಇವನು ಊರಿಗೆಲ್ಲ ಅದನ್ನೇ ಕಥೆ ಮಾಡಿ ಹೇಳಿಕೊಂಡು ನಕ್ಕ. “ಕಪ್ ಕೊಡೋಕ್ ಮುಂಚೆ ಶೀಷೆ ಕೊಡ್ತವ್ರೆ ಕಣ್ರೋ!”

ಒಂದೂವರೆ ತಿಂಗಳ ನಂತರ ಕ್ರೀಡಾ ಮಂಡಳಿಯಿಂದ ಕಂಪನಿಗೆ ಪತ್ರ ಬಂತು. ಅವನ ಶೀಷೆಯಲ್ಲಿ ನಿಷೇಧಿತ ಔಷಧಿ ಸಿಕ್ಕಿತ್ತು. ಜೊತೆಗೆ ಸೈಕ್ಲೋಸ್ಟೈಲ್ ಮಾಡಿದ ನಿಯಮಗಳು, ಇಂಗ್ಲಿಷಿನಲ್ಲಿ ನಾಲ್ಕು ಪುಟ. ಕಂಪನಿ ತನ್ನ ಲೆಕ್ಕಕ್ಕೆ ಬೇರೆ ಆರೋಪಪಟ್ಟಿ ಕೊಟ್ಟಿತು: ಮಾದಕ ವಸ್ತು ಸೇವಿಸಿ ದುರ್ನಡತೆ, ಯಾಕೆ ಕೆಲಸದಿಂದ ತೆಗೆಯಬಾರದು?

ಇಂಥ ವಿಚಾರಣೆಯಲ್ಲಿ ಕಾರ್ಮಿಕ ತನ್ನ ಪರವಾಗಿ ಮಾತಾಡಲು ಸಹೋದ್ಯೋಗಿಯೊಬ್ಬನನ್ನು ಕರೆದುಕೊಂಡು ಹೋಗಬಹುದು. ಅವನು ನನ್ನನ್ನು ಕರೆದ. ಆ ಸಂಜೆ ನಮ್ಮ ಜಗಲಿಯ ಮೇಲೆ ಕುಳಿತು, ಏಳನೆಯ ತರಗತಿಗೆ ಓದು ಬಿಟ್ಟ ಅವನು ನಾಲ್ಕು ಪುಟಗಳನ್ನೂ ನನ್ನ ಮುಂದೆ ಹಿಡಿದ.

“ಏನ್ ಬರ್ದವ್ರಣ್ಣ ಇದ್ರಲ್ಲಿ?”

“ಎರಡು ವರ್ಷ ಓಡಂಗಿಲ್ಲ. ಇನ್ನೊಂದ್ಸಲ ಸಿಕ್ಕಿಬಿದ್ರೆ ಜೀವಮಾನಕ್ಕೇ ಇಲ್ಲ.”

“ನಾನ್ ಏನೂ ತಿಂದಿಲ್ಲ ಕಣಣ್ಣ, ಅವ್ವನಾಣೆ. ಫೌಂಡ್ರಿ ದೂಳಿಗೆ ಕೆಮ್ಮು, ದಮ್ಮು. ನಮ್ ಡಿಸ್ಪೆನ್ಸರಿ ಡಾಕ್ಟ್ರೇ ಮಾತ್ರೆ ಕೊಟ್ಟಿದ್ದು.” ಜೇಬಿನಿಂದ ಮಡಿಸಿದ ಕಂದು ಚೀಟಿ ತೆಗೆದ. “ಇದೇನಾದ್ರೂ ಕೆಲ್ಸಕ್ ಬರ್ತದಾ ನೋಡು.”

ಬರುತ್ತಿತ್ತು. ಮೂರನೆಯ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಚಿಕಿತ್ಸೆಗಾಗಿ ವೈದ್ಯರೇ ಕೊಟ್ಟ ಔಷಧಿಯಾದರೆ, ಪತ್ರ ತಲುಪಿದ ಹದಿನೈದು ದಿನದೊಳಗೆ ಚೀಟಿ ಕಳಿಸಿದಲ್ಲಿ ಎಚ್ಚರಿಕೆ ಕೊಟ್ಟು ಬಿಡಲಾಗುವುದು. ನಿಷೇಧದ ಪಟ್ಟಿಯಲ್ಲಿ ಚೀಟಿಯ ಮೇಲಿದ್ದ ಹೆಸರೂ ಇತ್ತು. ಮಿತಿ ಮೀರಿದರೆ ಕಾಫಿಯ ಸತ್ವವೂ ತಪ್ಪು ಎಂದಿತ್ತು. ನಮ್ಮ ಸ್ಪೋರ್ಟ್ಸ್ ಸೆಕ್ರೆಟರಿ ದಿನಕ್ಕೆ ಒಂಬತ್ತು ಕಾಫಿ ಕುಡಿಯುತ್ತಿದ್ದರು. ಅವರು ಆ ಪುಟಗಳಲ್ಲಿ ಓದಿದ್ದು ‘ಎರಡು ವರ್ಷ’ ಎಂಬುದನ್ನು ಮಾತ್ರ. ಪೂರ್ತಿ ಓದಿದವನು ನಾನೊಬ್ಬನೇ.

“ನೋಡೋಣ ಬಿಡು” ಎಂದು ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ.

ವಿಚಾರಣೆ ಪತ್ರ ಬಂದ ನಾಲ್ಕನೆಯ ದಿನ ನಡೆಯಿತು. ಪರ್ಸೊನೆಲ್ ಆಫೀಸರ್ ಎದುರು ಕುಳಿತಿದ್ದರು. ಚೀಟಿಯನ್ನು ಮೇಜಿನ ಮೇಲಿಟ್ಟು ಎರಡು ಮಾತಿನಲ್ಲಿ ಮುಗಿಸಬಹುದಿತ್ತು. ನಾನು ಎದ್ದು ನಿಂತು ಕಂಪನಿಯ ಸ್ಥಾಯಿ ಆದೇಶಗಳ ಪುಸ್ತಕ ತೆರೆದೆ.

“ಸಾರ್, ಇಲ್ಲಿರೋದು ಕಾರ್ಖಾನೆ ಆವರಣದಲ್ಲಿ, ಕೆಲಸದ ವೇಳೇಲಿ ಅಮಲೇರಿಸ್ಕೊಂಡಿದ್ರೆ ದುರ್ನಡತೆ ಅಂತ. ಮೈದಾನ ಆವರಣ ಅಲ್ಲ. ಓಟ ಕೆಲಸ ಅಲ್ಲ. ಇಲ್ಲದ ನಿಯಮ ಮುರಿಯೋದು ಹೇಗೆ ಸಾರ್?”

ಅವರು ಕನ್ನಡಕ ತೆಗೆದರು. “ಓಟ ಕಂಪನಿ ಕೆಲಸ ಅಲ್ಲ ಅಂತೀರಾ?”

“ಅಲ್ಲ ಸಾರ್.”

“ಯೋಚ್ನೆ ಮಾಡಿ ಹೇಳ್ರೀ. ಬರ್ಕೋತಿದೀನಿ.”

“ಬರ್ಕೊಳ್ಳಿ ಸಾರ್.”

ಪಕ್ಕದಲ್ಲಿ ಕುಳಿತ ಅವನು ನನ್ನನ್ನೇ ನೋಡುತ್ತಿದ್ದ. ಅಣ್ಣ ಎಷ್ಟು ಚೆನ್ನಾಗಿ ಮಾತಾಡುತ್ತಾನೆ ಎಂಬ ಮೆಚ್ಚಿಗೆ ಆ ಮುಖದಲ್ಲಿತ್ತು. ಅಷ್ಟು ದಿನ ನಾನು ಕಾದಿದ್ದ ನೋಟ ಅದು. ಸಿಕ್ಕಾಗ ಬೇಡ ಎನ್ನಲಾಗಲಿಲ್ಲ.

ಮರುದಿನ ಆದೇಶ ಬಂತು. ದುರ್ನಡತೆ ಸಾಬೀತಾಗಿಲ್ಲ, ಕೆಲಸ ಉಳಿಯಿತು. ಅದರ ಕೆಳಗೆ ಇನ್ನೊಂದು ಸಾಲು: ಓಟವು ಕಂಪನಿಯ ಕೆಲಸವಲ್ಲವೆಂದು ಕಾರ್ಮಿಕನ ಕಡೆಯವರೇ ಹೇಳಿರುವುದರಿಂದ ಇವರ ಒ.ಡಿ. ಸೌಲಭ್ಯವನ್ನು ರದ್ದುಪಡಿಸಲಾಗಿದೆ.

ಈ ಸಾಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಎದುರಾಳಿಯ ಮುಂದಿನ ಮಾತನ್ನು ಊಹಿಸಿಯೇ ಏಳು ಕಪ್ ಗೆದ್ದವನು ನಾನು.

ಚಿಕ್ಕಮ್ಮ ಒಬ್ಬಟ್ಟು ಮಾಡಿಕೊಂಡು ನಮ್ಮ ಮನೆಗೇ ಬಂದಳು. “ನೀನಿಲ್ದಿದ್ರೆ ನನ್ ಮಗನ್ ಕೆಲ್ಸ ಓಗ್ಬಿಡೋದು ಕಣಪ್ಪ. ಇವ್ನ್ ಓಡಿ ಏನ್ ಬಂತು? ನಿನ್ ಓದೇ ಕಾಪಾಡ್ತು.” ಜೀವನದಲ್ಲಿ ಮೊದಲ ಸಲ ಅವನಿಗಿಂತ ಒಂದು ಒಬ್ಬಟ್ಟು ಹೆಚ್ಚು ನನ್ನ ಎಲೆಗೆ ಬಿತ್ತು. ಅವನು ಕೆಮ್ಮಿದ. ಮಾತ್ರೆ ನುಂಗಲು ಈಗ ಹೆದರುತ್ತಿದ್ದ.

ಹದಿನೈದು ದಿನದಲ್ಲಿ ಇನ್ನೂ ಹತ್ತು ಉಳಿದಿದ್ದವು. ಚೀಟಿಯ ಜೊತೆ ನಾಲ್ಕು ಸಾಲಿನ ಪತ್ರ ಕಳಿಸಿದ್ದರೆ ಸಾಕಿತ್ತು. ಒ.ಡಿ. ಹೋದರೇನು, ಓಟವಾದರೂ ಉಳಿಯುತ್ತಿತ್ತು. ಓಟ ಉಳಿದರೆ ಬೇರೆ ಕಂಪನಿ ಕರೆಯುತ್ತಿತ್ತು. ದಿನವೂ ಅಂಗಿ ಬದಲಾಯಿಸುವಾಗ ಚೀಟಿಯನ್ನು ಹಳೆಯ ಜೇಬಿನಿಂದ ಹೊಸ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ದಿನವೂ ನನ್ನೊಳಗೇ ಚರ್ಚೆ. ದಮ್ಮಿರುವವನನ್ನು ಓಡಿಸುವುದು ಸರಿಯೇ? ಮಾತ್ರೆಯಿಂದ ಒಂದು ಹೆಜ್ಜೆಯಾದರೂ ಮುಂದೆ ಹೋಗಿರಲಾರನೇ? ಎರಡನೆಯ ಸ್ಥಾನ ಬಂದವನಿಗೆ ಅನ್ಯಾಯವಲ್ಲವೇ? ಎರಡನೆಯ ಸ್ಥಾನದವನ ಬಗ್ಗೆ ನನಗೆ ಹಠಾತ್ತನೆ ಬಹಳ ಕನಿಕರ ಹುಟ್ಟಿತ್ತು.

ಹದಿನೈದನೆಯ ದಿನ ಮಧ್ಯಾಹ್ನ, ತಡೆಯಲಾರದೆ, ಆಫೀಸಿನ ಮೆಷಿನ್ನಿನಲ್ಲೇ ಪತ್ರ ಟೈಪ್ ಮಾಡಿದೆ. ಮಂಡಳಿಯ ಕಚೇರಿ ಊರೊಳಗೆ. ಐದು ಗಂಟೆಗೆ ಅತ್ತ ಹೋಗುವ ಕಂಪನಿಯ ಜೀಪಿನವನು ಕೊಟ್ಟುಬರಲು ಒಪ್ಪಿದ್ದ. ನಾಲ್ಕೂವರೆಗೆ ಸೈರನ್ ಆಯಿತು. ಲಕೋಟೆ ಹಿಡಿದು ಹೊರಡುವಷ್ಟರಲ್ಲಿ ಕಿಟಕಿಯ ಹೊರಗೆ ಕಾರ್ಡ್ ಪಂಚ್ ಮಾಡುವವರ ಸಾಲು ಬೆಳೆಯಿತು. ಅದರ ಕೊನೆಯಲ್ಲಿ ಅವನು, ಮೈತುಂಬ ಕರಿ ಮರಳು.

“ಏ, ನಮ್ ರೇಸ್ ಕುದ್ರೆ ಇಂದೆ ನಿಂತೈತಲ್ರೋ!” ಯಾರೋ ಕೂಗಿದರು. “ಮುಂದಕ್ ಬಾ ಮಗಾ!”

ಸಾಲು ಅವನಿಗಾಗಿ ಪಕ್ಕಕ್ಕೆ ಸರಿಯಿತು. ನೂರಾರು ಜನ. ಅವನು ನಾಚಿಕೊಂಡು, ಇವನ ಹೆಗಲು ಅವನ ಬೆನ್ನು ತಟ್ಟುತ್ತಾ ಮುಂದೆ ಬಂದ. ಪ್ಯಾಕಿಂಗ್ ವಿಭಾಗದ ಹುಡುಗಿಯರು ಕೂಡ ನಗುತ್ತಾ ದಾರಿ ಬಿಟ್ಟರು. ಎಲ್ಲವನ್ನೂ ಕಳೆದುಕೊಂಡು ನಿಂತವನಿಗೆ ದಾರಿ ಬಿಡುತ್ತಿದ್ದರು! ಮೂರು ವರ್ಷದಿಂದ ಅದೇ ಕಿಟಕಿಯಲ್ಲಿ ಕುಳಿತಿದ್ದ ನನಗೆ ‘ನಮಸ್ಕಾರ’ ಎಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು.

ಅವನು ಕಾರ್ಡ್ ಪಂಚ್ ಮಾಡಿ ಕಿಟಕಿಗೆ ಬಂದ. “ಅಣ್ಣ, ಒಂಟ್ಯಾ? ಇನ್ಮೇಲೆ ದಿನಾ ಜೊತೇಲೇ ಓಗಣ. ಸೈಕಲ್ ತರ್ತೀನಿ, ಬಾ.” ನನ್ನ ಕೈಯಲ್ಲಿದ್ದ ಲಕೋಟೆಯ ಕಡೆ ನೋಡಿದ. “ಏನಾರ ಕೆಲ್ಸ ಐತಾ? ಕಾಯ್ತೀನಿ.”

“ಏನಿಲ್ಲ. ನಡಿ.”

ಕ್ಯಾರಿಯರ್ ಮೇಲೆ ಕುಳಿತೆ. ಲಕೋಟೆ ಜೇಬಿನಲ್ಲಿತ್ತು. ದಾಸರಹಳ್ಳಿಯ ಏರು ಬಂದಾಗ ಇಳಿಯುತ್ತೇನೆ ಎಂದೆ. “ಕೂತ್ಕೋ ಸುಮ್ನೆ” ಎಂದು ಸೀಟಿನಿಂದ ಎದ್ದು ನಿಂತು ತುಳಿದ. ಉಬ್ಬಸದ ಸದ್ದು ಅವನ ಬೆನ್ನಿನಿಂದ ನನ್ನ ಎದೆಗೆ ಕೇಳಿಸುತ್ತಿತ್ತು. ಅರ್ಧ ಏರಿನಲ್ಲಿ ಕಂಪನಿಯ ಜೀಪು ಹಿಂದಿನಿಂದ ಬಂದು ನಮ್ಮನ್ನು ದಾಟಿ ಊರ ಕಡೆಗೆ ಹೋಯಿತು. ಅವನು ಒಂದು ಕೈ ಬಿಟ್ಟು ಡ್ರೈವರಿಗೆ ಟಾಟಾ ಮಾಡಿದ.